ಅಮ್ಮನ ಪ್ಯಾಂಕ್ರಿಯಾಸ್‌ನಲ್ಲಿ 14 ಮಿ.ಮೀ. ಸಿಸ್ಟ್: ಎಷ್ಟು ವರ್ಷ ಸ್ಕ್ಯಾನ್ ಮಾಡಿಸುತ್ತಾ ಇರಬೇಕು?

ಸಾಗರದ_ಸುಮ · 11 ಮಾರ್ಚ್ 2019

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 63 ವರ್ಷ. ಅಪ್ಪ ಅಮ್ಮ ಸಾಗರದ ಹತ್ತಿರ ಊರಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿ. ಎರಡು ವಾರದ ಹಿಂದೆ ಅಮ್ಮನಿಗೆ ಸೊಂಟದಿಂದ ಕೆಳಹೊಟ್ಟೆವರೆಗೆ ವಿಪರೀತ ನೋವು ಬಂತು. ಕಿಡ್ನಿ ಕಲ್ಲು ಇರಬೇಕು ಅಂತ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಕಲ್ಲೇ. ಚಿಕ್ಕದು, ನಾಲ್ಕು ದಿನದಲ್ಲಿ ತಾನಾಗಿಯೇ ಹೋಯಿತು.

ಆದರೆ ರಿಪೋರ್ಟಿನ ಕೊನೇ ಸಾಲಿನಲ್ಲಿ ಇನ್ನೊಂದು ವಿಷಯ ಇತ್ತು. ಪ್ಯಾಂಕ್ರಿಯಾಸ್‌ನ (ಮೇದೋಜೀರಕ ಗ್ರಂಥಿ) ನಡುಭಾಗದಲ್ಲಿ 14 ಮಿ.ಮೀ. ಸಿಸ್ಟ್, ಅಂದರೆ ದ್ರವ ತುಂಬಿದ ಗುಳ್ಳೆ. ಡಾಕ್ಟರು "ಹೆದರಬೇಡಿ, ಒಂದು ಎಂ.ಆರ್.ಐ. ಮಾಡಿಸಿ, ಆಮೇಲೆ ಆರು ತಿಂಗಳಿಗೊಮ್ಮೆ ನೋಡ್ತಾ ಇರೋಣ" ಅಂದರು. ಹೆದರುವಂಥದ್ದಲ್ಲ ಅಂದರೆ ನೋಡ್ತಾ ಇರೋದು ಯಾಕೆ? ನೋಡ್ತಾ ಇರಬೇಕು ಅಂದರೆ ಹೆದರದೆ ಇರೋದು ಹೇಗೆ? ರಾತ್ರಿ ಕೂತು ಗೂಗಲ್‌ನಲ್ಲಿ ಹುಡುಕಿದೆ. ಹುಡುಕಬಾರದಿತ್ತು.

ಅಮ್ಮನಿಗೆ ಕಲ್ಲಿನ ವಿಷಯ ಬಿಟ್ಟು ಬೇರೇನೂ ಹೇಳಿಲ್ಲ. ಇಲ್ಲಿ ಯಾರಿಗಾದರೂ ಇಂಥ ಅನುಭವ ಇದೆಯಾ?

ಕತ್ತಲೆಕೋಣೆ · 11 ಮಾರ್ಚ್ 2019

ಮೇಡಂ, ನಾನು ರೇಡಿಯಾಲಜಿಸ್ಟ್. ಕತ್ತಲೆ ಕೋಣೆಯಲ್ಲಿ ಕೂತು ಇಂಥ ಸಾಲುಗಳನ್ನು ಬರೆಯುವುದೇ ನನ್ನ ಕೆಲಸ, ಹಾಗಾಗಿ ಈ ಹೆಸರು. ನಿಮ್ಮ ಅಮ್ಮನ ಚಿತ್ರ ನಾನು ನೋಡಿಲ್ಲ. ಆದ್ದರಿಂದ ಇದು ಸಲಹೆ ಅಲ್ಲ, ವಿವರಣೆ ಅಷ್ಟೇ.

ಮೊದಲು ಒಂದು ಸಮಾಧಾನ. ಇದು ಅಪರೂಪದ್ದಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನವರು ಬೇರೆ ಬೇರೆ ಕಾರಣಕ್ಕೆ ಮಾಡಿದ 2,832 ಸಿ.ಟಿ.ಗಳನ್ನು ನೋಡಿ 2008ರಲ್ಲಿ ಬರೆದರು: ನೂರಕ್ಕೆ 2.6 ಜನರಲ್ಲಿ ಯಾರೂ ಹುಡುಕದೆಯೇ ಪ್ಯಾಂಕ್ರಿಯಾಸ್ ಸಿಸ್ಟ್ ಸಿಕ್ಕಿತ್ತು. ಕಳೆದ ವರ್ಷ ಜರ್ಮನಿಯ ಪೊಮೆರೇನಿಯಾದಿಂದ ಇನ್ನೊಂದು ವರದಿ ಬಂತು. ಅಲ್ಲಿ ಆರಾಮಾಗಿ ಓಡಾಡಿಕೊಂಡಿದ್ದ ಜನರಿಗೇ ಎಂ.ಆರ್.ಐ. ಮಾಡಿದ್ದರು. ನೂರಕ್ಕೆ 49 ಜನರಲ್ಲಿ ಸಣ್ಣದೋ ದೊಡ್ಡದೋ ಸಿಸ್ಟ್ ಇತ್ತು! ವಯಸ್ಸಾದಷ್ಟೂ ಜಾಸ್ತಿ. ಮೆಷಿನ್ ಚುರುಕಾದಷ್ಟೂ ಇನ್ನೂ ಜಾಸ್ತಿ.

ಇನ್ನು ನಿಮ್ಮ ಪ್ರಶ್ನೆ, ನೋಡ್ತಾ ಇರೋದು ಯಾಕೆ. ಸಿಸ್ಟ್ ಅಂದರೆ ಒಂದೇ ಜಾತಿ ಅಲ್ಲ. ಕೆಲವು ಬರೀ ತೆಳು ನೀರಿನವು, ಅವು ಸಾಮಾನ್ಯವಾಗಿ ಯಾರಿಗೂ ಏನೂ ಮಾಡುವುದಿಲ್ಲ. ಕೆಲವು ಪ್ಯಾಂಕ್ರಿಯಾಸ್ ಊದಿಕೊಂಡ ಮೇಲೆ ಆಗುವ ಹುಸಿ ಸಿಸ್ಟ್‌ಗಳು. ಇನ್ನು ಕೆಲವು ಲೋಳೆ ತುಂಬಿದವು. ಈ ಲೋಳೆಯವುಗಳಲ್ಲಿ ಕೆಲವೇ ಕೆಲವು, ವರ್ಷಗಟ್ಟಲೆ ಕಳೆದ ಮೇಲೆ, ಕ್ಯಾನ್ಸರ್ ಕಡೆಗೆ ತಿರುಗಬಹುದು. ಯಾವುದು ತಿರುಗುತ್ತದೆ ಅಂತ ಮೊದಲ ಚಿತ್ರದಲ್ಲೇ ಹೇಳುವುದಕ್ಕೆ ಆಗುವುದಿಲ್ಲ. ಅದಕ್ಕೇ ನೋಡ್ತಾ ಇರೋದು.

ನಿಮ್ಮ ಮನೆಯಲ್ಲಿ ಅಡಿಕೆ ತೋಟ ಇದೆಯಾ? ತೋಟದಲ್ಲಿ ದೊಡ್ಡ ಕಾಲುವೆಗೆ ಸಣ್ಣ ಸಣ್ಣ ಬಸಿಗಾಲುವೆಗಳು ಬಂದು ಸೇರುತ್ತವಲ್ಲ, ಪ್ಯಾಂಕ್ರಿಯಾಸ್ ಒಳಗೂ ಹಾಗೇ. ಒಂದು ಬಸಿಗಾಲುವೆಯಲ್ಲಿ ಲೋಳೆ ನಿಂತು ಗುಳ್ಳೆಯಾದರೆ ಅದು ಕವಲಿನ ಐಪಿಎಂಎನ್ (ನಾಳದೊಳಗೆ ಲೋಳೆ ಮಾಡುವ ಗಡ್ಡೆ). ನಿಧಾನದ್ದು. ದೊಡ್ಡ ಕಾಲುವೆಯೇ ಲೋಳೆಯಿಂದ ಹಿಗ್ಗಿದರೆ ಲೆಕ್ಕ ಬೇರೆ. ಎಂ.ಆರ್.ಐ.ನಲ್ಲಿ ಈ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲು ಅದನ್ನು ಮಾಡಿಸಿ.

ನ್ಯೂಜೆರ್ಸಿ_ನಂಜುಂಡ · 12 ಮಾರ್ಚ್ 2019

ನನಗೂ ಇದೆ, 9 ಮಿ.ಮೀ. 2016ರಲ್ಲಿ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದಿತು. ಪಕ್ಕೆಲುಬು ನೋಡೋಣ ಅಂತ ಸ್ಕ್ಯಾನ್ ಮಾಡಿದರು, ಪಕ್ಕೆಲುಬು ಸರಿ ಇತ್ತು, ಇದು ಸಿಕ್ಕಿತು. ಇಲ್ಲಿ ನನ್ನ ಡಾಕ್ಟರು ಅಮೆರಿಕದ ಗ್ಯಾಸ್ಟ್ರೋ ಸಂಘದವರ 2015ರ ಮಾರ್ಗಸೂಚಿ ಹಿಡಿದಿದ್ದಾರೆ. ಒಂದು ವರ್ಷವಾದ ಮೇಲೆ ಒಂದು ಎಂ.ಆರ್.ಐ., ಆಮೇಲೆ ಎರಡು ವರ್ಷಕ್ಕೊಂದು, ಒಟ್ಟು ಐದು ವರ್ಷ. ಅಷ್ಟರಲ್ಲಿ ಏನೂ ಬದಲಾಗದಿದ್ದರೆ ನಿಲ್ಲಿಸು, ಮನೆಗೆ ಹೋಗು.

ಕತ್ತಲೆಕೋಣೆ · 12 ಮಾರ್ಚ್ 2019

ನಂಜುಂಡ ಸರ್, ಆ "ನಿಲ್ಲಿಸು" ಬಗ್ಗೆ ಆವತ್ತಿನಿಂದ ಜಗಳ ನಡೆದೇ ಇದೆ. ಯುರೋಪಿನವರು 2018ರಲ್ಲಿ ಅದಕ್ಕೆ ವಿರುದ್ಧ ಹೇಳಿದರು: ಆಪರೇಷನ್ ತಡೆದುಕೊಳ್ಳುವ ಶಕ್ತಿ ಇರುವವರೆಗೂ ನೋಡುತ್ತಲೇ ಇರಿ ಅಂತ. ಇಲ್ಲಿ ಬಹಳ ಜನ ಜಪಾನಿನ ಫುಕುವೋಕಾ ಹೆಸರಿನ ಸೂಚಿ ನೋಡುತ್ತಾರೆ, 2017ರಲ್ಲಿ ತಿದ್ದಿದ್ದು. ಅದರ ಪ್ರಕಾರ 1ರಿಂದ 2 ಸೆಂ.ಮೀ. ಸಿಸ್ಟ್‌ಗೆ ಮೊದಲ ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ಎರಡು ವರ್ಷ ವರ್ಷಕ್ಕೊಮ್ಮೆ, ಏನೂ ಬದಲಾಗದಿದ್ದರೆ ನಂತರ ಎರಡು ವರ್ಷಕ್ಕೊಮ್ಮೆ. ಒಂದೇ ಗುಳ್ಳೆ, ಮೂರು ಖಂಡ, ಮೂರು ಲೆಕ್ಕ.

ಹುಬ್ಬಳ್ಳಿ_ಮಾವ · 14 ಮಾರ್ಚ್ 2019

ನಂದು ಬೇರೆ ಕಥೆ, ಆದರೂ ಹೇಳುತ್ತೇನೆ. ಪಿತ್ತಕೋಶದ ಕಲ್ಲಿನಿಂದ ಪ್ಯಾಂಕ್ರಿಯಾಸ್ ಊದಿಕೊಂಡು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಆಮೇಲೆ 5 ಸೆಂ.ಮೀ. ಸಿಸ್ಟ್ ಅಂದರು. ನಮ್ಮ ಮನೆಯವರು ಹರಕೆಗಳನ್ನೆಲ್ಲ ಹೊತ್ತರು. ನಾಲ್ಕು ತಿಂಗಳಲ್ಲಿ ತಾನೇ ಕರಗಿ ಹೋಯಿತು. ಅದು ಹುಸಿ ಸಿಸ್ಟ್ ಅಂತೆ. ಹರಕೆ ಮಾತ್ರ ಹುಸಿ ಅಲ್ಲ, ಇನ್ನೂ ಎರಡು ತೀರಿಸುವುದಿದೆ.

ಕತ್ತಲೆಕೋಣೆ · 14 ಮಾರ್ಚ್ 2019

ಮಾವ ಹೇಳಿದ್ದು ಮುಖ್ಯ. ಅದಕ್ಕೇ ಡಾಕ್ಟರು ಮೊದಲು ಕೇಳಬೇಕಾದ ಪ್ರಶ್ನೆ, ಹಿಂದೆ ಯಾವತ್ತಾದರೂ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್ ಊತ) ಆಗಿತ್ತಾ, ಕುಡಿತ ಇದೆಯಾ ಅಂತ. ಸುಮ ಅವರ ತಾಯಿಗೆ ಅಂಥದ್ದೇನೂ ಇಲ್ಲ ಅಂದರೆ ಹುಸಿ ಸಿಸ್ಟ್ ಆಗಿರುವ ಸಂಭವ ಕಡಿಮೆ.

ಸಾಗರದ_ಸುಮ · 9 ಏಪ್ರಿಲ್ 2019

ಎಂ.ಆರ್.ಸಿ.ಪಿ. (ಪಿತ್ತನಾಳ, ಪ್ಯಾಂಕ್ರಿಯಾಸ್ ನಾಳ ನೋಡುವ ಎಂ.ಆರ್.ಐ.) ಆಯಿತು. ಅಮ್ಮನನ್ನು ಬೆಂಗಳೂರಿಗೇ ಕರೆಸಿಕೊಂಡೆ, "ಕಲ್ಲು ಪೂರ್ತಿ ಹೋಗಿದೆಯಾ ನೋಡಬೇಕು" ಅಂತ ಸುಳ್ಳು ಹೇಳಿ. ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರು. ಹೋದ ಮೇಲೆ ದೊಡ್ಡ ಲೋಟದಲ್ಲಿ ಅನಾನಸ್ ಜ್ಯೂಸ್ ಕೊಟ್ಟರು. ಅಮ್ಮನಿಗೆ ಖುಷಿಯೋ ಖುಷಿ. "ಬೆಂಗಳೂರಿನ ಸ್ಕ್ಯಾನಿಂಗ್‌ನವರು ಬಾಯಾರಿಕೆ ಎಲ್ಲ ಕೊಟ್ಟು ಉಪಚಾರ ಮಾಡ್ತಾರೆ" ಅಂತ ಊರಿಗೆಲ್ಲ ಫೋನ್ ಮಾಡಿ ಹೇಳಿದ್ದಾರೆ.

ರಿಪೋರ್ಟ್: 14 ಮಿ.ಮೀ., ಕವಲಿನ ಐಪಿಎಂಎನ್ ಇರಬಹುದು, ಮುಖ್ಯ ನಾಳ 2 ಮಿ.ಮೀ., ಒಳಗೆ ಗಟ್ಟಿ ಗಂಟು ಇಲ್ಲ. ರಕ್ತದಲ್ಲಿ ಸಿಎ 19-9 ಅನ್ನುವುದು (ಕ್ಯಾನ್ಸರ್ ಸುಳಿವಿಗೆ ನೋಡುವ ಅಂಶ) 14. ಇದೂ 14! 37ರ ಒಳಗಿದ್ದರೆ ಸರಿ ಅಂತೆ. ಅಕ್ಟೋಬರಿಗೆ ಮತ್ತೆ ಬನ್ನಿ ಅಂದಿದ್ದಾರೆ.

ಕತ್ತಲೆಕೋಣೆ · 9 ಏಪ್ರಿಲ್ 2019

ಒಳ್ಳೆಯ ರಿಪೋರ್ಟ್. ಅನಾನಸ್ ಜ್ಯೂಸ್ ಉಪಚಾರಕ್ಕಲ್ಲ ಅಂತ ಅಮ್ಮನಿಗೆ ಹೇಳಬೇಡಿ ಪಾಪ. ಅದರಲ್ಲಿ ಮ್ಯಾಂಗನೀಸ್ ಇರುತ್ತದೆ. ಎಂ.ಆರ್.ಸಿ.ಪಿ. ಚಿತ್ರದಲ್ಲಿ ನೀರೆಲ್ಲ ಬೆಳ್ಳಗೆ ಹೊಳೆಯುತ್ತದೆ. ಹೊಟ್ಟೆ, ಕರುಳಿನ ನೀರೂ ಹೊಳೆದರೆ ಹಿಂದಿರುವ ಪ್ಯಾಂಕ್ರಿಯಾಸ್ ಕಾಣುವುದಿಲ್ಲ. ಮ್ಯಾಂಗನೀಸ್ ಆ ಹೊಳಪನ್ನು ಆರಿಸುತ್ತದೆ.

ಒಂದು ಕೆಲಸ ಮಾಡಿ. ರಿಪೋರ್ಟ್ ಒಂದೇ ಸಾಲದು, ಸಿ.ಡಿ. ಕೇಳಿ ತೆಗೆದುಕೊಳ್ಳಿ. ಸಾಧ್ಯವಾದರೆ ಪ್ರತಿ ಸಲವೂ ಅದೇ ಸೆಂಟರಿಗೆ ಹೋಗಿ. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ, ಕೇಳಿದವರು ಕಡಿಮೆ.

ಸಾಗರದ_ಸುಮ · 22 ಅಕ್ಟೋಬರ್ 2019

14 ಮಿ.ಮೀ. ಬದಲಾವಣೆ ಇಲ್ಲ. ಅಮ್ಮ ಅನಾನಸ್ ಜ್ಯೂಸ್ ಕುಡಿದು ಬಂದರು. ಮುಂದಿನದು ಏಪ್ರಿಲ್ 2020ಕ್ಕೆ.

ಸಾಗರದ_ಸುಮ · 26 ನವೆಂಬರ್ 2020

ಏಪ್ರಿಲ್ ಕಥೆ ಎಲ್ಲರಿಗೂ ಗೊತ್ತಲ್ಲ. ಲಾಕ್‌ಡೌನ್. ಆಮೇಲೆ ಅಪ್ಪ ಅಮ್ಮ ಊರು ಬಿಡುವುದಕ್ಕೆ ಒಪ್ಪಲಿಲ್ಲ, ನನಗೂ ಕರೆಸುವುದಕ್ಕೆ ಧೈರ್ಯ ಇರಲಿಲ್ಲ. ಮೊನ್ನೆ ಊರಿಗೆ ಹತ್ತಿರದ ಒಂದು ಸೆಂಟರ್‌ನಲ್ಲಿ ಮಾಡಿಸಿದೆವು.

17 ಮಿ.ಮೀ.

"ಗಾತ್ರ ಹೆಚ್ಚಿದೆ, ತಜ್ಞರನ್ನು ಕಾಣಿ" ಅಂತ ಬರೆದಿದ್ದಾರೆ. ಏಪ್ರಿಲ್‌ನಲ್ಲೇ ಮಾಡಿಸಬೇಕಿತ್ತು. ಎರಡು ದಿನದಿಂದ ನಿದ್ದೆ ಇಲ್ಲ. ಅಣ್ಣ ಫೋನಿನಲ್ಲಿ "ನೀನೇ ತಾನೇ ನೋಡ್ಕೋತೀನಿ ಅಂದಿದ್ದು" ಅಂದ.

ಕತ್ತಲೆಕೋಣೆ · 26 ನವೆಂಬರ್ 2020

ಮೇಡಂ, ಸ್ವಲ್ಪ ತಡೀರಿ. ಹಳೇ ಸಿ.ಡಿ. ಇದೆಯಾ? ಹೊಸದರ ಸಿ.ಡಿ.? ಎರಡನ್ನೂ ತೆಗೆದುಕೊಂಡು ಮೊದಲು ಸ್ಕ್ಯಾನ್ ಮಾಡಿದ ಸೆಂಟರಿಗೆ ಹೋಗಿ, ಅಕ್ಕಪಕ್ಕ ಇಟ್ಟು ಅಳೆದು ಕೊಡಿ ಅಂತ ಕೇಳಿ. ಬೇರೆ ಏನೂ ಮಾಡಬೇಡಿ.

ಯಾಕೆ ಅಂದರೆ ಸಿಸ್ಟ್ ಗೋಲಿಯ ಹಾಗೆ ದುಂಡಗಿರುವುದಿಲ್ಲ. ಗೋಡಂಬಿ ಇದ್ದ ಹಾಗೆ ಅಂದುಕೊಳ್ಳಿ. ಅಡ್ಡ ಹಿಡಿದು ಅಳೆದರೆ ಒಂದು, ಉದ್ದ ಹಿಡಿದರೆ ಇನ್ನೊಂದು. ಒಬ್ಬರು ದೇಹವನ್ನು ಅಡ್ಡಲಾಗಿ ಕತ್ತರಿಸಿದ ಚಿತ್ರದಲ್ಲಿ ಅಳೆಯುತ್ತಾರೆ, ಇನ್ನೊಬ್ಬರು ಮುಂದಿನಿಂದ ನೋಡಿದ ಚಿತ್ರದಲ್ಲಿ. ಒಂದೇ ಚಿತ್ರವನ್ನು ನಾನೇ ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ಅಳೆದರೆ ಒಂದೆರಡು ಮಿ.ಮೀ. ಹೆಚ್ಚುಕಮ್ಮಿ ಬರುತ್ತದೆ. ನಮ್ಮವರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಹಳೇ ಚಿತ್ರ ನೋಡದೆ, ಹಳೇ ರಿಪೋರ್ಟಿನ ಅಂಕಿ ಮಾತ್ರ ಓದಿ "ಹೆಚ್ಚಿದೆ" ಅಂತ ಬರೆದುಬಿಡುತ್ತಾರೆ. ಆ ಒಂದು ಪದ ಮನೆಯವರ ನಿದ್ದೆ ಕೆಡಿಸುತ್ತದೆ.

ಒಂದು ಮಾತು. ನಿಜವಾಗಿಯೂ 3 ಮಿ.ಮೀ. ಹೆಚ್ಚಿದ್ದರೂ ಈಗಿನ ಫುಕುವೋಕಾ ಲೆಕ್ಕದಲ್ಲಿ ಕಾಳಜಿಯ ಗೆರೆ ಇರುವುದು ಎರಡು ವರ್ಷದಲ್ಲಿ 5 ಮಿ.ಮೀ.ಗೆ.

ಸಾಗರದ_ಸುಮ · 3 ಡಿಸೆಂಬರ್ 2020

ಅಳೆದು ಕೊಟ್ಟರು. ಒಂದೇ ದಿಕ್ಕಿನಲ್ಲಿ ನೋಡಿದರೆ 2019ರಲ್ಲಿ 14, ಈಗ 15. ಹೊಸಬರು ಉದ್ದಕ್ಕೆ ಅಳೆದಿದ್ದರು. ಹಳೇ ಚಿತ್ರವನ್ನೂ ಹಾಗೇ ಉದ್ದಕ್ಕೆ ಅಳೆದರೆ ಆಗಲೂ 16 ಇತ್ತಂತೆ!

ಅಣ್ಣನಿಗೆ ಕಳಿಸಿದೆ. ಅವನು ಹೆಬ್ಬೆರಳಿನ ಚಿತ್ರ ಕಳಿಸಿದ. ಅಷ್ಟೇ.

ಮಂಗಳೂರು_ಮೀನು · 5 ಡಿಸೆಂಬರ್ 2020

ಬಹಳ ದಿನದಿಂದ ಓದುತ್ತಿದ್ದೆ, ಇವತ್ತು ಬರೆಯುತ್ತಿದ್ದೇನೆ. ಸುಮ, ನಿನಗೆ ಹೆದರಿಸುವುದಕ್ಕಲ್ಲ. ನಮ್ಮದು ದೊಡ್ಡ ಕಾಲುವೆಯ ಕಥೆ.

2017ರಲ್ಲಿ ನಮ್ಮ ಮನೆಯವರಿಗೆ 54. ಅವರ ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ. ಒಂದೇ ಸಲಕ್ಕೆ ಶುಗರ್ 280 ಬಂತು. ಆರು ತಿಂಗಳಲ್ಲಿ 7 ಕೆ.ಜಿ. ಇಳಿದರು. "ಶುಗರ್ ಬಂದರೆ ಇಳಿಯುತ್ತಾರೆ, ಅನ್ನ ಕಡಿಮೆ ಮಾಡಿ" ಅಂತ ಮಾತ್ರೆ ಕೊಟ್ಟರು. ಮಲ ಎಣ್ಣೆಯ ಹಾಗೆ ತೇಲುತ್ತಿತ್ತು, ಅದನ್ನು ಹೇಳುವುದಕ್ಕೆ ಇವರಿಗೆ ನಾಚಿಕೆ. ಒಂದು ರಾತ್ರಿ ಹೊಟ್ಟೆನೋವು ಬೆನ್ನಿಗೆ ತಿವಿಯುವ ಹಾಗೆ ಬಂತು. ಆಗ ಸಿ.ಟಿ. ಮಾಡಿದರು. ಮುಖ್ಯ ನಾಳ 12 ಮಿ.ಮೀ.

ಆಮೇಲೆ ಎಂಡೋಸ್ಕೋಪಿ ತುದಿಯಲ್ಲಿ ಅಲ್ಟ್ರಾಸೌಂಡ್ ಇಟ್ಟು ಒಳಗಿನಿಂದ ನೋಡಿದರು. ನಾಳ ಕರುಳಿಗೆ ತೆರೆಯುವ ಬಾಯಿ ಅಗಲವಾಗಿ ತೆರೆದುಕೊಂಡು ಲೋಳೆ ಸುರಿಯುತ್ತಿತ್ತಂತೆ. ಡಾಕ್ಟರು "ಇದನ್ನು ಮೀನಿನ ಬಾಯಿ ಅಂತೇವೆ" ಅಂದರು. ನಾವು ದಿನಾ ಮೀನು ತಿನ್ನುವವರು. ಅದಾದ ಮೇಲೆ ಸುಮಾರು ದಿನ ನನಗೆ ಬಂಗುಡೆಯ ಮುಖ ನೋಡುವುದಕ್ಕೆ ಆಗಲಿಲ್ಲ.

ವಿಪಲ್ ಆಪರೇಷನ್ ಮಾಡಿದರು. ಏಳು ಗಂಟೆ. ಪ್ಯಾಂಕ್ರಿಯಾಸ್‌ನ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ತುದಿ ಎಲ್ಲ ತೆಗೆದು ಮತ್ತೆ ಜೋಡಿಸುವುದು. ಜೋಡಿಸಿದ ಕಡೆ ಸೋರಿತು, 19 ದಿನ ಆಸ್ಪತ್ರೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಆಗಿರಲಿಲ್ಲ, ಆದರೆ ಅದರ ಹೊಸ್ತಿಲಲ್ಲಿ ಇತ್ತು.

ಈಗ ಆರಾಮಾಗಿದ್ದಾರೆ. ಪ್ರತಿ ಊಟದ ಜೊತೆ ಎಂಜೈಮ್ ಕ್ಯಾಪ್ಸೂಲ್, ದಿನಾ ಇನ್ಸುಲಿನ್. ಉಳಿದ ಪ್ಯಾಂಕ್ರಿಯಾಸ್‌ಗೆ ಇನ್ನೂ ವರ್ಷಕ್ಕೊಂದು ಸ್ಕ್ಯಾನ್. ತೆಗೆದರೆ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ, ಹಾಗಲ್ಲ ಅಂತೆ.

ಇನ್ನೊಂದು. ಅಮ್ಮನಿಗೆ ಹೇಳು ಮಾರಾಯ್ತಿ. ಶುಗರ್ ಏರಿದರೆ, ಕಣ್ಣು ಹಳದಿಯಾದರೆ, ತೂಕ ಇಳಿದರೆ ಮೊದಲು ಗೊತ್ತಾಗುವುದು ಅವರಿಗೇ. ಏನೂ ತಿಳಿಯದವರು ಏನನ್ನು ಗಮನಿಸುತ್ತಾರೆ?

ಸಾಗರದ_ಸುಮ · 6 ಡಿಸೆಂಬರ್ 2020

ಅಕ್ಕ, ನಿಮ್ಮ ಪೋಸ್ಟನ್ನು ಮೂರು ಸಲ ಓದಿದೆ. ನಿನ್ನೆ ರಾತ್ರಿ ಅಮ್ಮನಿಗೆ ಹೇಳಿದೆ. ಅಮ್ಮ ಅಂದರು, "ಗೊತ್ತು. ಮೊದಲನೇ ಸಲ ಮೆಷಿನ್ ಹತ್ರ ಇದ್ದ ಹುಡುಗ ಪ್ಯಾಂಕ್ರಿಯಾಸ್ ಪೇಷಂಟ್ ಬನ್ನಿ ಅಂತ ಕರೆದ. ನೀನು ಕಲ್ಲು ಅಂತಿದ್ದೆ, ನಿನಗೆ ಬೇಜಾರಾಗ್ತದೆ ಅಂತ ಸುಮ್ನಿದ್ದೆ."

ಒಂದೂವರೆ ವರ್ಷ ನಾನು ಅವರಿಂದ ಮುಚ್ಚಿಟ್ಟಿದ್ದೆ ಅಂದುಕೊಂಡಿದ್ದೆ. ಅವರು ನನ್ನಿಂದ ಮುಚ್ಚಿಟ್ಟಿದ್ದರು.

ಕಷಾಯಪ್ರಿಯ · 14 ಡಿಸೆಂಬರ್ 2021

ಇಷ್ಟೆಲ್ಲ ಸ್ಕ್ಯಾನ್ ಯಾಕೆ? ಅಮೃತಬಳ್ಳಿ ಕಷಾಯ ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ. ನಮ್ಮ ದೊಡ್ಡಮ್ಮನ ಅಂಡಾಶಯದ ಗುಳ್ಳೆ ಮೂರು ತಿಂಗಳಲ್ಲಿ ಕರಗಿತು.

ಕತ್ತಲೆಕೋಣೆ · 14 ಡಿಸೆಂಬರ್ 2021

ಅಂಡಾಶಯದ ಎಷ್ಟೋ ಗುಳ್ಳೆಗಳು ಕಷಾಯ ಕುಡಿಯದಿದ್ದರೂ ಕರಗುತ್ತವೆ ಸರ್. ಅದು ಬೇರೆ, ಇದು ಬೇರೆ. ಐಪಿಎಂಎನ್ ಕರಗಿಸುವ ಮಾತ್ರೆಯೂ ಇಲ್ಲ, ಕಷಾಯವೂ ಇಲ್ಲ. ಅಮೃತಬಳ್ಳಿ ಕುಡಿದು ಲಿವರ್ ಕೆಡಿಸಿಕೊಂಡವರ ಬಗ್ಗೆ ಮುಂಬೈ ವೈದ್ಯರು ಇದೇ ವರ್ಷ ಬರೆದಿದ್ದಾರೆ. ಬೀಡಿ ಸಿಗರೇಟ್ ಬಿಡಿ ಅಂದರೆ ಒಪ್ಪುತ್ತೇನೆ, ಅದು ಪ್ಯಾಂಕ್ರಿಯಾಸ್‌ಗೆ ನಿಜವಾಗಿ ಕೆಟ್ಟದ್ದು.

ಸಾಗರದ_ಸುಮ · 20 ಡಿಸೆಂಬರ್ 2021

ಈ ವರ್ಷದ್ದು ಆಯಿತು. 15 ಮಿ.ಮೀ. ನಾಳ 2. ಗಂಟು ಇಲ್ಲ.

ಸಾಗರದ_ಸುಮ · 8 ಡಿಸೆಂಬರ್ 2022

ಅಮ್ಮ ಬರುವುದಿಲ್ಲ ಅಂತಿದ್ದಾರೆ. ಕೊಯ್ಲು ಇದೆ, ಅಡಿಕೆ ಸುಲಿಯುವವರಿಗೆ ಅಡುಗೆ ಮಾಡಬೇಕು, ಅಪ್ಪನಿಗೆ ಮಂಡಿನೋವು. ಎಲ್ಲ ಸರಿ. ಆದರೆ ಕೊನೆಗೆ ಫೋನಿಡುವ ಮುಂಚೆ ಅಂದರು, "ನೀನು ನನ್ನನ್ನ ಕರೆಯೋದು ಸ್ಕ್ಯಾನಿಗೆ ಮಾತ್ರ." ನನಗೆ ಉತ್ತರ ಹೊಳೆಯಲಿಲ್ಲ.

ನಿವೃತ್ತ_ಮೇಷ್ಟ್ರು · 9 ಡಿಸೆಂಬರ್ 2022

ಮಗಳೇ, ನನ್ನ ಲೆಕ್ಕವನ್ನೂ ಕೇಳು. ನನಗೆ 79. ಹೃದಯಕ್ಕೆ ಎರಡು ಸ್ಟೆಂಟ್. ಪ್ಯಾಂಕ್ರಿಯಾಸ್‌ನ ಬಾಲದಲ್ಲಿ 22 ಮಿ.ಮೀ. ಸಿಸ್ಟ್, ಸಿಕ್ಕಿ ಆರು ವರ್ಷವಾಯಿತು. ಪ್ರತಿ ಸಲ ಮಗ ರಜೆ ಹಾಕಿ ಕರೆದುಕೊಂಡು ಹೋಗುತ್ತಿದ್ದ. ಸ್ಕ್ಯಾನಿನ ಮುಂಚಿನ ವಾರ ಇಡೀ ಮನೆ ಪರೀಕ್ಷೆಯ ರಿಸಲ್ಟ್ ಕಾಯುವ ಮನೆಯಂತೆ ಇರುತ್ತಿತ್ತು. ಮೂವತ್ನಾಲ್ಕು ವರ್ಷ ಮಕ್ಕಳಿಗೆ ರಿಸಲ್ಟ್ ಹೇಳಿದವನು ನಾನು, ಅದರ ಶಿಕ್ಷೆ ಇರಬೇಕು.

ಹೋದ ವರ್ಷ ಡಾಕ್ಟರನ್ನು ಕೇಳಿದೆ: "ನಾಳೆ ಇದು ಕೆಟ್ಟದ್ದು ಅಂತ ಗೊತ್ತಾದರೆ ನನಗೆ ಆಪರೇಷನ್ ಮಾಡುತ್ತೀರಾ?" ಅವರು ಸ್ವಲ್ಪ ಹೊತ್ತು ಯೋಚಿಸಿ, "ನಿಮ್ಮ ಹೃದಯದ ಸ್ಥಿತಿಯಲ್ಲಿ ನಾನು ಹಿಂಜರಿಯುತ್ತೇನೆ" ಅಂದರು. "ಹಾಗಿದ್ದರೆ ಗೊತ್ತಾಗಿ ಮಾಡುವುದೇನು?" ಅಂದೆ. ಅವರು ನಕ್ಕರು. ಫೈಲ್ ಮುಚ್ಚಿದರು. ಅಲ್ಲಿಂದ ಸ್ಕ್ಯಾನ್ ಇಲ್ಲ.

ನಿನ್ನ ಅಮ್ಮನಿಗೆ ಅರವತ್ತಾರೋ ಅರವತ್ತೇಳೋ ಇರಬೇಕು. ಗಟ್ಟಿಮುಟ್ಟಾಗಿ ಹತ್ತು ಜನಕ್ಕೆ ಅಡುಗೆ ಮಾಡುತ್ತಿದ್ದಾರೆ. ಅವರ ಲೆಕ್ಕ ನನ್ನದಲ್ಲ. ಆದರೆ ಆ ಪ್ರಶ್ನೆಯನ್ನು ಅವರ ಎದುರಿಗೆ ಇಡು. ಸ್ಕ್ಯಾನ್ ನಿನ್ನದಲ್ಲ, ಅವರದು.

ಮಂಗಳೂರು_ಮೀನು · 9 ಡಿಸೆಂಬರ್ 2022

ಮೇಷ್ಟ್ರು ಹೇಳಿದ್ದು ಸರಿ. ಮತ್ತೆ ಸುಮ, ಒಮ್ಮೆ ಸ್ಕ್ಯಾನ್ ಇಲ್ಲದೆ ಸುಮ್ನೆ ಊರಿಗೆ ಹೋಗಿ ಬಾ.

ಸಾಗರದ_ಸುಮ · 19 ಮಾರ್ಚ್ 2023

ಹೋಗಿ ಬಂದೆ. ಫೆಬ್ರವರಿಯಲ್ಲಿ ಸಾಗರದ ಮಾರಿಕಾಂಬಾ ಜಾತ್ರೆ ಇತ್ತು. ಮೂರು ವರ್ಷಕ್ಕೊಮ್ಮೆ ಬರುವುದು, ಐದು ದಿನ ಇದ್ದೆ. ಅಮ್ಮನ ಜೊತೆ ಬಳೆ ಅಂಗಡಿ, ಮಿರ್ಚಿ, ನಾಟಕದ ಟೆಂಟ್ ಎಲ್ಲ ಸುತ್ತಿದೆ. ಮೇಷ್ಟ್ರ ಪ್ರಶ್ನೆಯನ್ನು ಹಿತ್ತಲಲ್ಲಿ ಕೂತು ಕೇಳಿದೆ. ಆಪರೇಷನ್ ಅಂದರೆ ಮಾಡಿಸಿಕೊಳ್ತೀಯಾ ಅಂತ. ಅಮ್ಮ, "ಕೆಟ್ಟದ್ದು ಬರೋ ಮುಂಚೆ ತೆಗೀತಾರೆ ಅಂದ್ರೆ ಮಾಡಿಸ್ಕೋತೀನಿ. ಬಂದ ಮೇಲೆ ಎಳೆದಾಡೋದು ಬೇಡ" ಅಂದರು. ಮಾರ್ಚ್ ಮೊದಲ ವಾರ ತಾವೇ ಫೋನ್ ಮಾಡಿ "ಯಾವತ್ತು ಬರಲಿ" ಅಂತ ಕೇಳಿದರು.

15 ಮಿ.ಮೀ.

ಪಾಲಿಸಿ_ಪುಟ್ಟಣ್ಣ · 2 ಮೇ 2024

ಇನ್ಶೂರೆನ್ಸ್ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಸ್ಕ್ಯಾನಿನಲ್ಲಿ ಸಿಸ್ಟ್ ಕಂಡ ಮೇಲೆ ಹೊಸ ಹೆಲ್ತ್ ಪಾಲಿಸಿ ಮಾಡಿಸುವವರು ಅದನ್ನು ಫಾರ್ಮಿನಲ್ಲಿ ಬರೆಯಲೇಬೇಕು. "ರೋಗ ಅಲ್ಲ, ಬರೀ ಗುಳ್ಳೆ" ಅಂತ ಬಿಟ್ಟರೆ ನಾಳೆ ಕ್ಲೇಮ್ ತಿರಸ್ಕರಿಸುವುದಕ್ಕೆ ಅದೇ ಕಾರಣ ಸಾಕು. ಈ ಏಪ್ರಿಲ್‌ನಿಂದ ನಿಯಮ ಸ್ವಲ್ಪ ಸಡಿಲ ಆಗಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಈಗ ಹೆಚ್ಚೆಂದರೆ ಮೂರು ವರ್ಷ, ಮುಂಚೆ ನಾಲ್ಕಿತ್ತು. ಐದು ವರ್ಷ ಬಿಡದೆ ಪ್ರೀಮಿಯಂ ಕಟ್ಟಿದರೆ, ಮೋಸ ಸಾಬೀತಾಗದ ಹೊರತು ಹಳೇದು ಮುಚ್ಚಿಟ್ಟಿರಿ ಅಂತ ಕ್ಲೇಮ್ ನಿರಾಕರಿಸುವ ಹಾಗಿಲ್ಲ. ಇನ್ನೊಂದು: ವರ್ಷ ವರ್ಷದ ಸ್ಕ್ಯಾನ್‌ಗೆ ಆಸ್ಪತ್ರೆಗೆ ಅಡ್ಮಿಟ್ ಆಗುವುದಿಲ್ಲವಲ್ಲ, ಎಷ್ಟೋ ಪಾಲಿಸಿಗಳಲ್ಲಿ ಆ ದುಡ್ಡು ಬರುವುದಿಲ್ಲ. ಅದನ್ನು ಕೈಯಿಂದಲೇ ಹಾಕಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ.

ಸಾಗರದ_ಸುಮ · 11 ಜೂನ್ 2024

ಐದು ವರ್ಷ ದಾಟಿತು. ಮೊನ್ನೆಯದೂ 15 ಮಿ.ಮೀ., ನಾಳ 2, ಶುಗರ್ ಸರಿ, ತೂಕ ಸರಿ. ನಂಜುಂಡ ಸರ್, ನಿಮ್ಮ ಅಮೆರಿಕದ ಲೆಕ್ಕದಲ್ಲಿ ನಾವು ಪಾಸ್ ಅಲ್ವಾ? ನಿಲ್ಲಿಸಬಹುದಾ?

ನ್ಯೂಜೆರ್ಸಿ_ನಂಜುಂಡ · 11 ಜೂನ್ 2024

ನಾನು 2021ರಲ್ಲೇ ನಿಲ್ಲಿಸಿದೆ. 9 ಮಿ.ಮೀ. ಇದ್ದದ್ದು 9 ಮಿ.ಮೀ.ಯೇ. ಒಂದು ವರ್ಷ ಏನೋ ಕಳೆದುಕೊಂಡ ಹಾಗಿತ್ತು, ಈಗ ನೆನಪೂ ಆಗುವುದಿಲ್ಲ. ನನ್ನ ಓಟು ನಿಲ್ಲಿಸುವುದಕ್ಕೆ.

ಕತ್ತಲೆಕೋಣೆ · 12 ಜೂನ್ 2024

ಈ ಪ್ರಶ್ನೆಗೆ ನನ್ನ ಉತ್ತರ ಉದ್ದ ಆಗುತ್ತದೆ, ಕ್ಷಮಿಸಿ.

ಫುಕುವೋಕಾ ಸೂಚಿಯ ಮುಂದಿನ ರೂಪ ಈಗ ಬಂದಿದೆ, ಕ್ಯೋಟೋ ಹೆಸರಿನಲ್ಲಿ. ಅದರಲ್ಲಿ 20 ಮಿ.ಮೀ.ಗಿಂತ ಚಿಕ್ಕ, ಕಾಳಜಿಯ ಗುರುತಿಲ್ಲದ ಸಿಸ್ಟ್‌ಗೆ ಆರು ತಿಂಗಳಾದ ಮೇಲೆ ಒಂದು ಸಲ ನೋಡಿ, ಆಮೇಲೆ 18 ತಿಂಗಳಿಗೊಮ್ಮೆ ಸಾಕು. 20ರಿಂದ 30 ಆದರೆ ಆರಾರು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. 30 ದಾಟಿದರೆ ಆರು ತಿಂಗಳಿಗೊಮ್ಮೆ. ಬೆಳವಣಿಗೆಯ ಗೆರೆಯೂ ಬದಲಾಗಿದೆ: ವರ್ಷಕ್ಕೆ 2.5 ಮಿ.ಮೀ. ಹೊಸದಾಗಿ ಬಂದ ಶುಗರ್ ಕೂಡ ಈಗ ಕಾಳಜಿಯ ಪಟ್ಟಿಯಲ್ಲಿ ಸೇರಿದೆ. ಮಂಗಳೂರಿನ ಅಕ್ಕ ಇದನ್ನು ಮೂರೂವರೆ ವರ್ಷ ಮೊದಲೇ ಇಲ್ಲಿ ಬರೆದಿದ್ದರು.

ನಿಲ್ಲಿಸುವ ಬಗ್ಗೆ ಅವರು ಹೇಳುವುದು: 20 ಮಿ.ಮೀ.ಗಿಂತ ಚಿಕ್ಕದು, ಐದು ವರ್ಷ ಏನೂ ಬದಲಾಗಿಲ್ಲ ಅಂದರೆ ನಿಲ್ಲಿಸುವುದೂ ಒಂದು ದಾರಿ, ಮುಂದುವರಿಸುವುದೂ ಒಂದು ದಾರಿ. "ನಿಲ್ಲಿಸಿ" ಅಂತ ಇಲ್ಲ, "ನಿಲ್ಲಿಸಬಹುದು" ಅಂತ ಇದೆ.

ಯಾಕೆ ಖಚಿತವಾಗಿ ಹೇಳುವುದಿಲ್ಲ? ಟೋಕಿಯೋ ವಿಶ್ವವಿದ್ಯಾಲಯದವರು ಕವಲಿನ ಐಪಿಎಂಎನ್ ಇದ್ದ 1,404 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ 2020ರಲ್ಲಿ ಬರೆದರು. ಐದು ವರ್ಷಕ್ಕೆ ನೂರಕ್ಕೆ 3.3, ಹತ್ತು ವರ್ಷಕ್ಕೆ 6.6, ಹದಿನೈದು ವರ್ಷಕ್ಕೆ 15 ಜನರಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಕಂಡಿತು. ಐದು ವರ್ಷಕ್ಕೆ ಅಪಾಯ ಮುಗಿಯುವುದಿಲ್ಲ ಅನ್ನುವವರು ಇದನ್ನೇ ತೋರಿಸುತ್ತಾರೆ. ಇನ್ನೂ ಕಸಿವಿಸಿಯ ವಿಷಯ ಏನೆಂದರೆ, ಅವುಗಳಲ್ಲಿ ಎಷ್ಟೋ ಸಿಸ್ಟ್ ಒಳಗೆ ಹುಟ್ಟಿದವಲ್ಲ. ಅದೇ ಪ್ಯಾಂಕ್ರಿಯಾಸ್‌ನಲ್ಲಿ, ಸಿಸ್ಟಿನಿಂದ ದೂರ, ಬೇರೆ ಜಾಗದಲ್ಲಿ ಹುಟ್ಟಿದವು. ಅದಕ್ಕೇ ಒಳ್ಳೆಯ ರೇಡಿಯಾಲಜಿಸ್ಟ್ ಗುಳ್ಳೆ ಅಳೆದು ಕೈತೊಳೆದುಕೊಳ್ಳುವುದಿಲ್ಲ, ತಲೆಯಿಂದ ಬಾಲದವರೆಗೆ ಇಡೀ ಗ್ರಂಥಿಯನ್ನು ನೋಡುತ್ತಾನೆ.

ಇದಕ್ಕೆ ಎದುರಾಗಿ 2023ರಲ್ಲಿ ಹಲವು ದೇಶದವರು ಸೇರಿ ಮಾಡಿದ ಇನ್ನೊಂದು ಅಧ್ಯಯನ ಬಂತು. ಐದು ವರ್ಷ ಏನೂ ಆಗದ ಸಿಸ್ಟ್, ವಯಸ್ಸು 75 ದಾಟಿ ಗಾತ್ರ 30 ಮಿ.ಮೀ. ಒಳಗೆ, ಅಥವಾ 65 ದಾಟಿ ಗಾತ್ರ 15 ಮಿ.ಮೀ. ಒಳಗೆ ಇದ್ದರೆ, ಅವರ ಅಪಾಯ ಊರಿನ ಉಳಿದವರಷ್ಟೇ. ಮೇಷ್ಟ್ರು ಸರಿಯಾಗಿಯೇ ನಿಲ್ಲಿಸಿದರು.

ಈಗ ಅಮ್ಮನಿಗೆ 68, ಸಿಸ್ಟ್ 15. ಸರಿಯಾಗಿ ಗೆರೆಯ ಮೇಲೇ ಕೂತಿದ್ದಾರೆ. ಅಡ್ಡ ಅಳೆದರೆ ಈಚೆ, ಉದ್ದ ಅಳೆದರೆ ಆಚೆ!

ಹುಬ್ಬಳ್ಳಿ_ಮಾವ · 12 ಜೂನ್ 2024

ಡಾಕ್ಟ್ರೇ, ಇಷ್ಟೆಲ್ಲ ಹೇಳಿ ಕೊನೆಗೆ ನಡುವೆ ಬಿಟ್ರಲ್ಲ. ನಿಮ್ಮ ತಾಯಿ ಆಗಿದ್ದರೆ ಏನು ಮಾಡ್ತಿದ್ರಿ?

ಕತ್ತಲೆಕೋಣೆ · 12 ಜೂನ್ 2024

18 ತಿಂಗಳಿಗೊಮ್ಮೆ, 75 ಆಗುವವರೆಗೆ. ಆಮೇಲೆ ಅವಳನ್ನೇ ಕೇಳುತ್ತಿದ್ದೆ. ಆದರೆ ನನ್ನ ತಾಯಿ ಮೆಷಿನ್ ಶಬ್ದಕ್ಕೆ ಹೆದರುತ್ತಾಳೆ, 70ಕ್ಕೇ ಸಾಕು ಅಂದರೂ ಅನ್ನಬಹುದು. ಅದೂ ತಪ್ಪಲ್ಲ.

ಸಾಗರದ_ಸುಮ · 15 ಜೂನ್ 2024

ನಮ್ಮ ಡಾಕ್ಟರೂ ಹೆಚ್ಚುಕಮ್ಮಿ ಇದನ್ನೇ ಹೇಳಿದರು. ಅಮ್ಮನ ಎದುರಿಗೇ ಹೇಳಿಸಿದೆ ಈ ಸಲ. ಅಮ್ಮ 18 ತಿಂಗಳು ಅನ್ನುವುದನ್ನು ಆರಿಸಿದರು. "ವರ್ಷಕ್ಕೊಂದು ಅಂದ್ರೆ ಪ್ರತಿ ಸಲ ಕೊಯ್ಲಿಗೆ ಸಿಕ್ಕಿಹಾಕಿಕೊಳ್ತದೆ. ಒಂದೂವರೆ ವರ್ಷ ಆದ್ರೆ ಒಂದು ಸಲ ತಪ್ತದೆ." ಇದು ಅವರ ಕಾರಣ.

ಸಾಗರದ_ಸುಮ · 17 ನವೆಂಬರ್ 2025

ಒಂದು ಸಣ್ಣ ಪ್ರಶ್ನೆ. ಮುಂದಿನ ಸ್ಕ್ಯಾನ್ ಡಿಸೆಂಬರಿಗೆ. ಆದರೆ ಫೆಬ್ರವರಿಯಲ್ಲಿ ಮತ್ತೆ ಮಾರಿಕಾಂಬಾ ಜಾತ್ರೆ. ಅಮ್ಮ ಜಾತ್ರೆ ಮುಗಿಸಿಯೇ ಬರುತ್ತೇನೆ ಅಂತಿದ್ದಾರೆ. ಎರಡು ಮೂರು ತಿಂಗಳು ತಡವಾದರೆ ತೊಂದರೆ ಇದೆಯಾ? ನಮ್ಮ ಡಾಕ್ಟರು ಪರವಾಗಿಲ್ಲ ಅಂದಿದ್ದಾರೆ, ಆದರೂ ಇಲ್ಲಿ ಕೇಳುವುದು ಅಭ್ಯಾಸವಾಗಿಬಿಟ್ಟಿದೆ.

ಕತ್ತಲೆಕೋಣೆ · 17 ನವೆಂಬರ್ 2025

ಶುಗರ್, ತೂಕ ಎರಡೂ ಹಾಗೇ ಇದ್ದರೆ ತೊಂದರೆ ಇಲ್ಲ. ಈ ಡಿಸೆಂಬರಿನಲ್ಲೇ ಒಮ್ಮೆ ಶುಗರ್ ಊರಲ್ಲೇ ನೋಡಿಸಿ. ಹಳೇ ಸಿ.ಡಿ.ಗಳು?

ಸಾಗರದ_ಸುಮ · 18 ನವೆಂಬರ್ 2025

ಆರೂ ಅಮ್ಮನ ಹತ್ತಿರವೇ ಇವೆ. ಅಡಿಕೆ ಮಾರಿದ ಚೀಟಿಗಳ ಡಬ್ಬದಲ್ಲಿ, ಒಂದೊಂದರ ಮೇಲೂ ಅವರದೇ ಅಕ್ಷರದಲ್ಲಿ ತಾರೀಕು. ನಿಮ್ಮ ಉತ್ತರ ಓದಿ ಹೇಳಿದೆ. "ಅವರನ್ನೂ ಜಾತ್ರೆಗೆ ಕರಿ, ಕತ್ತಲಲ್ಲೇ ಕೂತಿರ್ತಾರಂತಲ್ಲ" ಅಂದರು.